ಬಾಗಿಲ ಹತ್ತಿರ ಕೂತ ಕರಡಿ

ಪ್ರೀತಿಯ ತಂಗಿ,

ಮಕ್ಕಳ ಚಿತ್ರಪುಸ್ತಕಕ್ಕೆ ಅಂತ ನೀನು ಬರೆದು ಕಳಿಸಿದ ಕಥೆಯನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಒಂದು ಸಲ ಮನಸ್ಸಿನಲ್ಲಿ, ಇನ್ನೊಂದು ಸಲ ಗಟ್ಟಿಯಾಗಿ. ಕರಡಿಮರಿಯ ಹುಟ್ಟುಹಬ್ಬ, ಹನ್ನೆರಡು ಪ್ರಾಣಿಗಳು, ಬಲೂನು, ಕೇಕು, ಕುಣಿತ. ಎಲ್ಲರೂ ಬಂದರು, ತಿಂದರು, ನಕ್ಕರು. ಭಾಷೆ ಚೆನ್ನಾಗಿದೆ, ಓದೋಕೆ ನಾಲಿಗೆ ಎಲ್ಲೂ ತೊಡರಲಿಲ್ಲ. ಆದರೆ ಆ ಇಡೀ ದಿನ ಕರಡಿಮರಿಗೆ ಏನಾಯಿತು? ಏನೂ ಆಗಲಿಲ್ಲ, ಅಲ್ವಾ?

ಮಗುವಿಗೆ ಪಾರ್ಟಿ ಅಂದರೆ ಕೇಕು ಕತ್ತರಿಸುವ ಐದು ನಿಮಿಷ ಅಲ್ಲ ತಂಗಿ. ಅದಕ್ಕೂ ಮೊದಲಿನ ಹೊತ್ತು. ಹೊಸ ಬಟ್ಟೆ ಹಾಕಿಕೊಂಡು, ಕುರ್ಚಿ ಜೋಡಿಸಿ, ಗೇಟು ಸದ್ದಾದಾಗೆಲ್ಲ ಓಡಿ ಹೋಗಿ ನೋಡುವ ಹೊತ್ತು. ಯಾರೂ ಬರದಿದ್ದರೆ? ಅಮ್ಮ ಮರೆತೇಬಿಟ್ಟಿದ್ದರೆ? ನನ್ನನ್ನು ಬಿಟ್ಟು ಎಲ್ಲರೂ ಆಟ ಮುಗಿಸಿಬಿಟ್ಟರೆ? ನಾಲ್ಕು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಭಯ ಜಾಸ್ತಿ ಇರುವುದಿಲ್ಲ. ನಿನ್ನ ಕಥೆ ಅಲ್ಲಿಂದ ಶುರುವಾಗಬೇಕು.

ಇಂಗ್ಲಿಷಿನಲ್ಲಿ ಕರಡಿ ಮತ್ತು ಪಾರ್ಟಿಯ ಪುಸ್ತಕಗಳು ಬೇಕಾದಷ್ಟಿವೆ. ಎರಡನ್ನು ಹುಡುಕಿ ಓದು. ಒಂದು 1957ರ ‘ಲಿಟ್ಲ್ ಬೇರ್’. ಬರೆದವರು ಎಲ್ಸ್ ಮಿನಾರಿಕ್, ಚಿತ್ರ ಮಾರಿಸ್ ಸೆಂಡಾಕ್ ಅವರದು. ಅದರ ಒಂದು ಕಥೆಯಲ್ಲಿ ಮರಿಯ ಹುಟ್ಟುಹಬ್ಬದ ದಿನ ಅಮ್ಮ ಕಾಣಿಸುವುದಿಲ್ಲ, ಕೇಕೂ ಇಲ್ಲ. ಗೆಳೆಯರು ಬಂದುಬಿಡುತ್ತಾರಲ್ಲ ಅಂತ ಮರಿ ತಾನೇ ತರಕಾರಿ ಹಾಕಿ ಸೂಪು ಕಾಯಿಸುತ್ತದೆ. ಕೊನೆಗೆ ಅಮ್ಮ ಕೇಕು ಹಿಡಿದು ಬರುತ್ತಾಳೆ. ಆ ಸೂಪಿನ ಪಾತ್ರೆಯಲ್ಲಿ ಎಷ್ಟು ಆತಂಕ ಕುದಿಯುತ್ತಿದೆ ನೋಡು. ಇನ್ನೊಂದು 2002ರ ‘ಬೇರ್ ಸ್ನೋರ್ಸ್ ಆನ್’. ಕಾರ್ಮಾ ವಿಲ್ಸನ್ ಬರೆದದ್ದು, ಚಿತ್ರ ಜೇನ್ ಚಾಪ್‌ಮನ್ ಅವರದು. ಚಳಿಗಾಲ, ಕರಡಿ ಗುಹೆಯಲ್ಲಿ ಗೊರಕೆ ಹೊಡೆಯುತ್ತಿದೆ. ಇಲಿ, ಮೊಲ ಒಬ್ಬೊಬ್ಬರಾಗಿ ಒಳಗೆ ಬಂದು ಪಾರ್ಟಿ ಮಾಡುತ್ತಾರೆ. ಮೆಣಸಿನ ಪುಡಿ ಮೂಗಿಗೆ ಹೋಗಿ ಕರಡಿ ಸೀನುತ್ತದೆ, ಎದ್ದು ಅಬ್ಬರಿಸುತ್ತದೆ. ಆಮೇಲೆ ಅಳುತ್ತದೆ. ಯಾಕೆ ಗೊತ್ತಾ? ತನ್ನನ್ನು ಬಿಟ್ಟು ಎಲ್ಲರೂ ಖುಷಿಪಟ್ಟರು ಅಂತ. ಅಷ್ಟು ದೊಡ್ಡ ಮೈ, ಅಷ್ಟು ಚಿಕ್ಕ ಮಗುವಿನ ಅಳು. ಇಂಥ ಕಥೆಗಳಿಗೆ ಕರಡಿಯೇ ಯಾಕೆ ಬೇಕು ಅನ್ನೋದಕ್ಕೆ ಉತ್ತರ ಅಲ್ಲಿದೆ.

ಓದು, ಆದರೆ ಆ ಹಿಮವನ್ನು ನಿನ್ನ ಕಥೆಯೊಳಗೆ ತರಬೇಡ. ನಿನ್ನ ಕರಡಿಮರಿ ಬಳ್ಳಾರಿ ಕಡೆಯದು ಅಂತ ನೀನೇ ಬರೆದಿದ್ದೀಯ. ಹಾಗಿದ್ದ ಮೇಲೆ ಅದು ಚಳಿಗಾಲವಿಡೀ ಮಲಗುವುದು ಹೇಗೆ? ನಮ್ಮ ಕರಡಿಗೆ ಆ ಚಳಿನಿದ್ದೆ ಇಲ್ಲ. ಅದು ಹಗಲಿನ ಬಿಸಿಲಿಗೆ ಬಂಡೆಗಳ ಸಂದಿಯಲ್ಲಿ ಮಲಗಿ, ಸಂಜೆಯಾದ ಮೇಲೆ ಹೊರಡುತ್ತದೆ. ಎದೆಯ ಮೇಲೆ ಬಿಳಿ ಗುರುತು, ಉದ್ದ ಉಗುರು. ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲು ಇಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸುರ್ರನೆ ಎಳೆದುಕೊಳ್ಳುತ್ತದೆ, ಆ ಸದ್ದು ದೂರಕ್ಕೂ ಕೇಳುತ್ತದೆ. ಮರಿಗಳು ಅಮ್ಮನ ಬೆನ್ನೇರಿ ಸವಾರಿ ಮಾಡುತ್ತವೆ. ಪಾರ್ಟಿಗೆ ಅಮ್ಮನ ಬೆನ್ನ ಮೇಲೆ ಕೂತು ಬರುವ ಅತಿಥಿ! ಈ ಚಿತ್ರವನ್ನು ನೀನು ಹೇಗೆ ಬಿಟ್ಟೆ?

ಹಂಪಿ ಹತ್ತಿರದ ದರೋಜಿಗೆ ಒಮ್ಮೆ ಹೋಗಿ ಬಾ. 1994ರಲ್ಲಿ ಅದನ್ನು ಕರಡಿಧಾಮ ಅಂತ ಮಾಡಿದರು. ಅಲ್ಲಿ ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ಎದುರಿನ ವೀಕ್ಷಣಾ ಗೋಪುರದಲ್ಲಿ ನಾವು ಉಸಿರು ಹಿಡಿದು ಕೂರಬೇಕು. ನವಿಲುಗಳು ಬರುತ್ತವೆ. ಎಷ್ಟೋ ಹೊತ್ತು ಮತ್ತೇನೂ ಇಲ್ಲ. ಆಮೇಲೆ ಒಂದು ಬಂಡೆಯ ನೆರಳು ಅಲುಗಿದ ಹಾಗಾಗುತ್ತದೆ. ಅದೇ ಕರಡಿ. ನಾನು ಕಂಡ ಅತಿ ಒಳ್ಳೆಯ ಪಾರ್ಟಿ ಅದು. ಊಟ ಬಡಿಸಿಟ್ಟಿದೆ, ಬರುತ್ತಾರೋ ಇಲ್ಲವೋ ಗೊತ್ತಿಲ್ಲ.

ಇನ್ನೊಂದು ಮಾತು, ಇದು ಮುಖ್ಯ. ನಿನ್ನ ಕರಡಿ ಎಲ್ಲರ ನಡುವೆ ನಿಂತು ಕುಣಿಯುತ್ತದೆ, ಉಳಿದವರು ಸುತ್ತ ಕೂತು ಚಪ್ಪಾಳೆ ತಟ್ಟುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಕರಡಿಯ ಮೂಗಿಗೆ ಹಗ್ಗ. ನಾವು ಮಕ್ಕಳು ಹೀಗೇ ಸುತ್ತ ನಿಂತು ಚಪ್ಪಾಳೆ ತಟ್ಟಿದ್ದೆವು. ಆ ಹಗ್ಗಕ್ಕಾಗಿ ಮೂಗಿಗೆ ತೂತು ಹಾಕುತ್ತಿದ್ದರು ಅಂತ ತಿಳಿದದ್ದು ಆಮೇಲೆ. ಈಗ ಬೀದಿಯಲ್ಲಿ ಆ ಆಟ ಇಲ್ಲ, ಹಾಗೆ ಬಿಡಿಸಿ ತಂದ ಕರಡಿಗಳನ್ನು ಬನ್ನೇರುಘಟ್ಟದಲ್ಲಿ ಸಾಕಿದ್ದಾರೆ. ನಿನ್ನ ಕರಡಿ ಕುಣಿಯಲಿ, ಬೇಡ ಅನ್ನೋದಿಲ್ಲ. ಆದರೆ ಎಲ್ಲರೂ ಜೊತೆಗೆ ಕುಣಿಯಲಿ. ಒಬ್ಬರು ಕುಣಿದು ಉಳಿದವರು ನೋಡುವ ಚಿತ್ರ ಬೇಡವೇ ಬೇಡ.

ಕುಣಿತಕ್ಕೆ ಸ್ಪೀಕರ್ ಯಾಕೆ ಇಟ್ಟೆ? ಉತ್ತರ ಕರ್ನಾಟಕದಲ್ಲಿ ಕರಡಿ ಅನ್ನೋ ಚರ್ಮವಾದ್ಯವೇ ಇದೆಯಲ್ಲ, ಕರಡಿ ಮಜಲು ಅನ್ನೋ ಮೇಳದಲ್ಲಿ ಅದನ್ನು ಬಾರಿಸುತ್ತಾರಲ್ಲ. ‘ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ’ ಅನ್ನುವ ಮಾತು ಆ ವಾದ್ಯದಿಂದಲೇ ಬಂತು ಅಂತ ಹೇಳುವವರೂ ಇದ್ದಾರೆ. ಕರಡಿಯ ಮನೆಯಲ್ಲಿ ಕರಡಿ ಬಾರಿಸಿದರೆ ಮಕ್ಕಳಿಗೆ ಎಷ್ಟು ಖುಷಿ!

ಈಗ ಪುಟಗಳ ವಿಷಯ. ಚಿತ್ರಪುಸ್ತಕಗಳು ಹೆಚ್ಚಾಗಿ 32 ಪುಟ, ನಮ್ಮಲ್ಲಿ 16, 24 ಪುಟದವೂ ಇವೆ. ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವುದರಿಂದ ಈ ಲೆಕ್ಕ. ಕಥೆಯನ್ನು ಸುಮ್ನೆ ಉದ್ದಕ್ಕೆ ಬರೆದು ಕಳಿಸಬೇಡ. ಹಾಳೆಗಳನ್ನು ಮಡಚಿ, ಹೊಲಿದು, ಒಂದು ಪುಟ್ಟ ಪುಸ್ತಕ ಮಾಡಿಕೊಂಡು ಅದರಲ್ಲಿ ಬರೆ. ನನ್ನ ಮೊದಲ ಪುಸ್ತಕಕ್ಕೆ ನಾನು ಹೀಗೆ ಮಾಡಲಿಲ್ಲ. ‘ಬಾಗಿಲು ತಟ್ಟಿದ್ದು ಯಾರು?’ ಅಂತ ಎಡಪುಟದಲ್ಲಿ ಬಂತು, ತಟ್ಟಿದವನ ಚಿತ್ರ ಎದುರಿನ ಬಲಪುಟದಲ್ಲೇ ಅಚ್ಚಾಯಿತು. ಮಕ್ಕಳು ಪ್ರಶ್ನೆ ಕೇಳುವ ಮೊದಲೇ ಅವನನ್ನು ನೋಡಿಬಿಟ್ಟರು. ಇವತ್ತಿಗೂ ಆ ಪುಟ ತೆರೆದರೆ ಸಂಕಟವಾಗುತ್ತದೆ. ಪ್ರಶ್ನೆ ಬಲಗಡೆ ಇರಲಿ. ಮಗು ತನ್ನ ಕೈಯಿಂದ ಹಾಳೆ ತಿರುಗಿಸಿ ಬಾಗಿಲು ತೆರೆಯಲಿ.

ಚಿತ್ರ ಹೇಳುವುದನ್ನು ನೀನು ಹೇಳಬೇಡ. ‘ನರಿ ಕೆಂಪು ಟೋಪಿ ಹಾಕಿಕೊಂಡು ಬಂತು’ ಅನ್ನೋದರಲ್ಲಿ ‘ನರಿ ಬಂತು’ ಸಾಕು. ಬದಲಿಗೆ ಸದ್ದು ಕೊಡು. ಸುರ್, ಗೊರ್ ಗೊರ್, ಧಬಧಬ, ಗಬಗಬ. ಕನ್ನಡದಲ್ಲಿ ಇಂಥ ಮಾತುಗಳಿಗೆ ಬರವಿಲ್ಲ. ಓದಿ ಹೇಳುವ ಅಜ್ಜಿಗೂ ಅವು ಬೇಕು. ಹನ್ನೆರಡು ಅತಿಥಿಗಳು ಜಾಸ್ತಿಯಾದರು. ನಾಲ್ಕು ಜನ ಸಾಕು. ಮುಳ್ಳುಹಂದಿಯನ್ನು ಮಾತ್ರ ಉಳಿಸಿಕೋ, ಬಲೂನು ಇರುವ ಮನೆಗೆ ಬರಲು ಅದು ಹೆದರುವುದು ತುಂಬಾ ಚೆನ್ನಾಗಿದೆ. ನಿನ್ನ ಕಥೆಯಲ್ಲಿ ನಿಜವಾಗಿ ಬಾಗಿಲ ಹೊರಗೆ ನಿಂತಿರುವುದು ಅದೊಂದೇ. ಯೋಚಿಸಿ ನೋಡು, ಕರಡಿಮರಿ ಕಾಯುತ್ತಿರುವುದು ಅದಕ್ಕಾಗಿಯೇ ಇರಬಹುದು.

ತಿದ್ದಿ ಬರೆದದ್ದನ್ನು ಅಂಚೆಯಲ್ಲಿ ಕಳಿಸಬೇಡ, ಹೊಲಿದ ಪುಸ್ತಕ ಹಿಡಿದುಕೊಂಡು ನೀನೇ ಬಾ. ಪಕ್ಕದ ಮನೆಯಲ್ಲಿ ನಾಲ್ಕು ವರ್ಷದ ಹುಡುಗಿ ಇದ್ದಾಳೆ. ಅವಳನ್ನು ಕೂರಿಸಿಕೊಂಡು ಓದೋಣ. ಹಾಳೆ ತಿರುಗಿಸುವ ಕೆಲಸ ಅವಳಿಗೇ ಕೊಡೋಣ.

ಪ್ರೀತಿಯಿಂದ,
ನಿನ್ನ ಅಕ್ಕ