ಮಡಕೆಯ ತಳದ ಗೀರುಗಳಿಗೂ ಗಮನ ಸಲ್ಲಲಿ

ಮಾನ್ಯ ಸಂಪಾದಕರಿಗೆ,

ರೋಮನ್ನರ ಏಳಿಗೆಗೆ ಮೊದಲು ಮಧ್ಯ ಇಟಲಿಯಲ್ಲಿ ಬಾಳಿದ ಎಟ್ರುಸ್ಕನ್ ಜನರ ಸಮಾಧಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಾರ್ಕ್ವಿನಿಯ ಪಟ್ಟಣದ ಭಿತ್ತಿಚಿತ್ರಗಳನ್ನೂ ಚೆರ್ವೆತೆರಿಯ ಚಿನ್ನದ ಒಡವೆಗಳನ್ನೂ ವರ್ಣಿಸಿ ನಿಲ್ಲಿಸಿಬಿಡುತ್ತಾರೆ. ಅವೇ ಗೋರಿಗಳ ಮಡಕೆಗಳ ಮೇಲೆ ಗೀರಿದ ಗುರುತುಗಳು ಕಡೆಗಣನೆಗೆ ಒಳಗಾಗಿರುವುದು ನನಗೆ ನೋವಿನ ಸಂಗತಿ.

ಕ್ರಿ.ಪೂ. 7ನೆಯ ಶತಮಾನದಿಂದ ಬಳಕೆಗೆ ಬಂದ ಬುಕ್ಕೆರೊ ಎಂಬ ಹೊಳಪಿನ ಕಪ್ಪು ಪಾತ್ರೆಗಳಲ್ಲಿ ಕೆಲವುಗಳ ಮೇಲೆ 'ಮಿ', ಅಂದರೆ 'ನಾನು', ಎಂದು ಆರಂಭವಾಗುವ ಬರಹಗಳಿವೆ. ಪಾತ್ರೆಯೇ ಬಾಯಿಬಿಟ್ಟು ತಾನು ಯಾರಿಗೆ ಸೇರಿದ್ದೆಂದು ಹೇಳುತ್ತದೆ. ಚೆರ್ವೆತೆರಿಯಲ್ಲಿ 1836ರಲ್ಲಿ ತೆರೆದ ರೆಗೋಲಿನಿ-ಗಲಾಸ್ಸಿ ಸಮಾಧಿಯ ಬೆಳ್ಳಿ ಪಾತ್ರೆಗಳ ಮೇಲೂ ಒಡೆತನ ಸಾರುವ ಇಂಥದೇ ಬರಹವಿದೆ. ಎಟ್ರುಸ್ಕನ್ನರ ಸಾಹಿತ್ಯ ಬಹುಪಾಲು ಅಳಿದುಹೋಗಿರುವಾಗ, ತಲೆಮಾರುಗಳವರೆಗೆ ಒಂದೇ ಮನೆತನದವರನ್ನು ಮಲಗಿಸಿದ ಗೋರಿಯಲ್ಲಿ ಸಿಗುವ ಒಂದು ಹೆಸರು, ಅಷ್ಟೇಕೆ, ಒಂದು ಅಕ್ಷರವೂ ಅಮೂಲ್ಯವೇ.

ಅಕ್ಷರವಲ್ಲದ ಶಿಲುಬೆಯಾಕಾರದ ಅಥವಾ ನಕ್ಷತ್ರದಂಥ ಗುರುತುಗಳ ಅರ್ಥ ಹೇಳುವುದು ಕಷ್ಟ. ಅವು ಕುಂಬಾರನವೋ, ವ್ಯಾಪಾರಿಯವೋ, ಒಡೆಯನವೋ ಎಂಬುದನ್ನು ಊಹಿಸಲು ಗೀರು ಎಲ್ಲಿದೆ, ಹಸಿ ಮಣ್ಣಿನಲ್ಲಿ ಎಳೆದದ್ದೇ ಅಥವಾ ಸುಟ್ಟ ನಂತರ ಕೆರೆದದ್ದೇ ಎಂಬ ವಿವರಗಳು ಬೇಕೇ ಬೇಕು. ಹಸಿ ಮಣ್ಣಿನ ಗೀರಿನ ಅಂಚು ಮೆತ್ತಗೆ ಉಬ್ಬಿದ್ದರೆ, ಸುಟ್ಟ ಮಡಕೆಯದು ಒರಟಾಗಿ ಚಕ್ಕೆಯೆದ್ದಿರುತ್ತದೆ.

ಆದ್ದರಿಂದ ವಸ್ತುಸಂಗ್ರಹಾಲಯಗಳು ಇಂಥ ಪಾತ್ರೆಗಳ ಅಡಿಯಲ್ಲಿ ಕನ್ನಡಿಯನ್ನಿಟ್ಟು ತಳದ ಗುರುತನ್ನೂ ತೋರಿಸಬೇಕು. ಉತ್ಖನನದ ವರದಿಗಳು ಪ್ರತಿಯೊಂದು ಗೀರಿನ ರೇಖಾಚಿತ್ರವನ್ನು, ಆ ಪಾತ್ರೆ ಗೋರಿಯ ಯಾವ ಕೋಣೆಯಲ್ಲಿತ್ತೆಂಬ ವಿವರದೊಂದಿಗೆ, ಪ್ರಕಟಿಸಬೇಕು.

ಇಂತಿ,
ಓರ್ವ ಓದುಗ