ಗ್ಯಾಸ್ ತುಂಬಿಸುವ ಮುನ್ನ ಲೀಕ್ ಹುಡುಕಿ

ಮಾನ್ಯ ಸಂಪಾದಕರೇ,

ಎ.ಸಿ.ಯಿಂದ ಭೂಮಿಗೆ ಬಿಸಿ ಏರುತ್ತದೆ ಎಂದರೆ ಎಲ್ಲರ ಲಕ್ಷ್ಯವೂ ಅದು ಎಳೆಯುವ ವಿದ್ಯುತ್ತಿನ ಕಡೆಗೇ ಹೋಗುತ್ತದೆ. ಅದರ ತಾಮ್ರದ ಕೊಳವೆಯೊಳಗಿನ ಗ್ಯಾಸ್ ಬಗ್ಗೆ ಕೇಳುವವರು ಕಡಿಮೆ. ಲಕ್ಷಾಂತರ ಯಂತ್ರಗಳಲ್ಲಿರುವ ಆರ್-410ಎ ಎಂಬ ತಂಪುಗೊಳಿಸುವ ಗ್ಯಾಸ್ ಒಂದು ಕಿಲೋ ಸೋರಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಅದು ಸುಮಾರು 2,088 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು 2.3 ಕಿಲೋ. ಅಂದರೆ ಹತ್ತಿರಹತ್ತಿರ 900 ಲೀಟರ್ ಪೆಟ್ರೋಲ್ ಸುಟ್ಟಷ್ಟು! ಮನೆಯ ಒಂದು ಸ್ಪ್ಲಿಟ್ ಎ.ಸಿ.ಯಲ್ಲಿ ಹೆಚ್ಚುಕಡಿಮೆ ಅಷ್ಟೇ ಗ್ಯಾಸ್ ಇರುತ್ತದೆ.

‘ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಬೇಕು’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಈ ಗ್ಯಾಸ್ ಇಂಧನದಂತೆ ಖರ್ಚಾಗುವುದಿಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಲೀಕ್ ಇದೆ. ಲೀಕ್ ಮುಚ್ಚದೆ ತುಂಬಿದ್ದು ಮುಂದಿನ ಬೇಸಿಗೆಯೊಳಗೆ ಗಾಳಿಗೆ ಸೇರುತ್ತದೆ.

ಹೆಚ್ಚಾಗಿ ಸೋರುವುದು ಹೊರಗಿನ ಘಟಕದ ಫ್ಲೇರ್ ನಟ್‌ಗಳಲ್ಲಿ, ಅಂದರೆ ಕೊಳವೆಯ ಅರಳಿಸಿದ ತುದಿಯನ್ನು ಬಿಗಿದು ಹಿಡಿಯುವ ನಟ್ಟುಗಳಲ್ಲಿ. ಕೊಳವೆಯ ತುದಿ ಸರಿಯಾಗಿ ಅರಳಿರದಿದ್ದರೆ, ಇಲ್ಲವೇ ನಟ್ಟನ್ನು ಅತಿಯಾಗಿ ಬಿಗಿದು ತುದಿ ಸೀಳಿದ್ದರೆ, ಅಲ್ಲಿ ಎಣ್ಣೆಯ ಜಿಡ್ಡು, ಅದಕ್ಕಂಟಿದ ಧೂಳು ಕಾಣುತ್ತದೆ. ಸೋಪಿನ ನೀರು ಸವರಿದರೆ ಗುಳ್ಳೆ ಏಳುತ್ತದೆ. ಒಳಗಿನ ಕಾಯಿಲ್ ಸವೆದು ಬೀಳುವ ಸೂಜಿಮೊನೆಯಷ್ಟು ತೂತು ಹೀಗೆ ಸಿಗುವುದು ಕಷ್ಟ, ಅದಕ್ಕೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ಎಂದು ನೋಡಬೇಕು.

ಲೀಕ್ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒತ್ತಡವನ್ನು 500 ಮೈಕ್ರಾನ್‌ಗಿಂತ (ನಿರ್ವಾತದ ಒತ್ತಡ ಅಳೆಯುವ ಮಾನ) ಕೆಳಗಿಳಿಸಿ, ಪಂಪ್ ನಿಲ್ಲಿಸಿ ಹತ್ತು ನಿಮಿಷ ಕಾಯಬೇಕು. ಮಾಪಕದ ಮುಳ್ಳು ಏರುತ್ತಲೇ ಹೋದರೆ ಲೀಕ್ ಇನ್ನೂ ಇದೆ, ಸ್ವಲ್ಪ ಏರಿ ನಿಂತರೆ ಒಳಗೆ ತೇವ ಉಳಿದಿದೆ. ಸಮಯ ಉಳಿಸಲು ಕೆಲವರು ಪಂಪ್ ಬಿಟ್ಟು, ಗ್ಯಾಸನ್ನೇ ಹಾಯಿಸಿ ಕೊಳವೆಯ ಗಾಳಿ ಹೊರದಬ್ಬುತ್ತಾರೆ. ಇದು ಎರಡು ಪಟ್ಟು ನಷ್ಟ: ಗ್ಯಾಸ್ ಆಕಾಶಕ್ಕೆ, ಉಳಿದ ತೇವ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಕಂಪ್ರೆಸರ್‌ಗೆ. ಕೊನೆಗೆ ಗ್ಯಾಸನ್ನು ಯಂತ್ರದ ಫಲಕದಲ್ಲಿ ನಮೂದಿಸಿದಷ್ಟೇ ತಕ್ಕಡಿಯಲ್ಲಿಟ್ಟು ತೂಗಿ ತುಂಬಬೇಕು. ಆರ್-410ಎ ಎರಡು ಗ್ಯಾಸ್‌ಗಳ ಮಿಶ್ರಣವಾದ್ದರಿಂದ, ಅವುಗಳ ಪ್ರಮಾಣ ಕೆಡದಂತೆ ಸಿಲಿಂಡರಿನಿಂದ ದ್ರವರೂಪದಲ್ಲೇ ತೆಗೆಯಬೇಕು.

ಹೊಸದು ಕೊಳ್ಳುವವರು ಫಲಕ ಓದಲಿ. ಆರ್-410ಎಯ 2,088ಕ್ಕೆ ಹೋಲಿಸಿದರೆ ಆರ್-32 ಎಂಬ ಗ್ಯಾಸಿನ ಅಂಕಿ 675, ಆರ್-290 ಅಂದರೆ ಪ್ರೊಪೇನ್‌ನದು ಹತ್ತಕ್ಕಿಂತ ಕಡಿಮೆ. ಆದರೆ ಪ್ರೊಪೇನ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ತರಬೇತಿ ಇಲ್ಲದವರು ಮುಟ್ಟಬಾರದು.

ನನಗೆ ಹೆಚ್ಚು ಕಳವಳ ತರುವುದು ಹಳೆಯ ಯಂತ್ರಗಳ ಕೊನೆಗಾಲ. ಗುಜರಿಯಲ್ಲಿ ತಾಮ್ರದಾಸೆಗೆ ಕೊಳವೆ ಕತ್ತರಿಸಿದರೆ, ಒಳಗಿದ್ದುದೆಲ್ಲ ಕ್ಷಣದಲ್ಲಿ ಖಾಲಿ. 2016ರ ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇಂಥ ಗ್ಯಾಸ್‌ಗಳ ತಯಾರಿಕೆ, ಬಳಕೆಯನ್ನು ಹಂತಹಂತವಾಗಿ ಇಳಿಸುತ್ತಿದೆ. ಈಗಾಗಲೇ ಯಂತ್ರಗಳೊಳಗೆ ಇರುವುದನ್ನು ಉಳಿಸುವ ಕೆಲಸ ನಮ್ಮದೇ. ಬಿಚ್ಚುವ ಮುನ್ನ ರಿಕವರಿ ಯಂತ್ರದಿಂದ ಗ್ಯಾಸನ್ನು ಸಿಲಿಂಡರಿಗೆ ಎಳೆಯಬೇಕು, ಸಿಲಿಂಡರನ್ನು ಶೇ 80ಕ್ಕಿಂತ ಹೆಚ್ಚು ತುಂಬಬಾರದು. ಎಷ್ಟು ಗ್ರಾಂ ತೆಗೆದರು, ಎಷ್ಟು ತುಂಬಿದರು ಎಂಬುದನ್ನು ರಸೀದಿಯಲ್ಲಿ ಬರೆದುಕೊಡಲು ಪ್ರತಿ ಗ್ರಾಹಕರೂ ಕೇಳಬೇಕು, ಸರ್ಕಾರಗಳು ಅದನ್ನು ಕಡ್ಡಾಯ ಮಾಡಬೇಕು.

— ಓದುಗ