ಉಂಗುರಕ್ಕೆ ಸಾಲ ಬೇಡ, ಪುಟ್ಟಾ

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂತು. ನಿಶ್ಚಿತಾರ್ಥದ ದಿನ, ಛತ್ರ, ಊಟದ ವಿಷಯ ಎಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿದ್ದಾನೆ. ಅದು ಬಿಡು. ನಡುವೆ ನೀನು ಬರೆದ ಒಂದು ಮಾತು ನನಗೆ ನಿದ್ದೆ ಕೊಡಲಿಲ್ಲ. "ಉಂಗುರ ಚಿಕ್ಕದಾದರೆ ಇವನ ಕೈಲಾಗದು ಅಂದುಕೊಳ್ಳುತ್ತಾರೆ ಅತ್ತೆ, ಪರ್ಸನಲ್ ಲೋನ್ ತಗೊಳ್ತೀನಿ" ಅಂತ ಬರೆದಿದ್ದೀಯ.

ಯಾರು ಅಂದುಕೊಳ್ಳುತ್ತಾರೆ? ಆ ಹುಡುಗಿ ಹಾಗಂದಳಾ? ಅವಳ ಅಪ್ಪ ಅಮ್ಮ ಅಂದರಾ? ಕಾಗದದಲ್ಲಿ ಎಲ್ಲೂ ಹಾಗೆ ಕಾಣಲಿಲ್ಲ.

ನನ್ನ ನಿಶ್ಚಯ ಆದದ್ದು 1990ರಲ್ಲಿ. ಆಗ ಹತ್ತು ಗ್ರಾಂ ಚಿನ್ನ 3 ಸಾವಿರದ ಚಿಲ್ಲರೆ. ಆಗಿನ ಸಂಬಳಕ್ಕೆ ಅದು ಭಾರವೇ. ನಿನ್ನ ತಾತನಿಗೂ ಇದೇ ಭಯ, ಗಂಡಿನ ಕಡೆಯವರು ಏನಂದಾರೋ ಅಂತ. ಮಾವನ ಉಂಗುರಕ್ಕಾಗಿ ನಿನ್ನಜ್ಜಿಯ, ಅಂದರೆ ನಮ್ಮಮ್ಮನ ಅವಲಕ್ಕಿ ಸರ ಒತ್ತೆ ಇಟ್ಟರು. ಇದನ್ನು ನಿನ್ನಪ್ಪ ನಿನಗೆ ಹೇಳಿರಲಿಕ್ಕಿಲ್ಲ. ಗಂಡಿನ ಕಡೆಯವರು ಉಂಗುರ ಎಷ್ಟು ಗ್ರಾಂ ಎಂದು ಕೇಳಲೇ ಇಲ್ಲ. ಹೋಳಿಗೆ ಚೆನ್ನಾಗಿತ್ತು ಅಂದರು, ಹೊರಟರು. ಬಡ್ಡಿ ಮಾತ್ರ ಬೆಳೆಯಿತು. ಸರ ಹರಾಜಾಯಿತು. ಆಮೇಲೆ ಯಾರ ಮದುವೆಗೆ ಹೋದರೂ ಅಮ್ಮ ಕುತ್ತಿಗೆ ತುಂಬ ಸೆರಗು ಹೊದ್ದು ಕೂರುತ್ತಿದ್ದಳು. ಚಳಿ ಅನ್ನುತ್ತಿದ್ದಳು. ಕಾರಣ ನನಗೆ ತಿಳಿದದ್ದು ಅವಳು ಹೋದ ಮೇಲೆ. ಅಂಥದ್ದೊಂದು ಸರ ಮಾಡಿಸಿ ಹಾಕುವಷ್ಟು ದುಡ್ಡು ಈಗ ನನ್ನಲ್ಲಿದೆ. ಅಮ್ಮ ಇಲ್ಲ.

ಅದಕ್ಕೇ ಉಂಗುರದ ಪಕ್ಕದಲ್ಲಿ ಸಾಲ ಅನ್ನುವ ಮಾತು ಕಂಡರೆ ನನಗೆ ತಡೆಯುವುದಿಲ್ಲ.

ಈಗ ಚಿನ್ನದ ದರ ಬೇರೆ ಹೀಗಿದೆ. 2025ರಲ್ಲೇ ಹತ್ತು ಗ್ರಾಂಗೆ ಲಕ್ಷ ದಾಟಿತಲ್ಲ. ನೀನು ಕೇಳಲಿಲ್ಲ, ಆದರೂ ಒಂದೆರಡು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ಚಿನ್ನದ ದರಕ್ಕೆ ಚೌಕಾಸಿ ನಡೆಯುವುದಿಲ್ಲ. ಮಜೂರಿ, ವೇಸ್ಟೇಜ್ ಅಂತ ಸೇರಿಸುತ್ತಾರಲ್ಲ, ಅಲ್ಲಿ ಕೇಳು. ಕುಸುರಿ ಹೆಚ್ಚಿದಷ್ಟೂ ಮಜೂರಿ ಜಾಸ್ತಿ, ಮಾರುವಾಗ ಆ ದುಡ್ಡು ಬರುವುದೂ ಇಲ್ಲ. ಸಾದಾ ಉಂಗುರ ಬೆರಳಿಗೆ ಚೆಂದವೇ. ಕಲ್ಲಿದ್ದರೆ ಅದರ ತೂಕ ಕಳೆದು ಚಿನ್ನದ ತೂಕ ಬಿಲ್ಲಿನಲ್ಲಿ ಬೇರೆ ಬರೆಸು. ಬಿಲ್ಲಿಲ್ಲದೆ ಕೊಟ್ಟರೆ 3% ಜಿಎಸ್‌ಟಿ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೊಡಬೇಡ.

ಮತ್ತೆ ಅದೇ ಯೋಚನೆ ಬರುತ್ತದೆ. ಲೋನ್ ತೆಗೆದರೆ ಕಂತು ಕಟ್ಟುವುದು ಯಾವಾಗ? ಮದುವೆ ಆದಮೇಲೆ ತಾನೇ? ಆಗ ಬಾಡಿಗೆ, ಗ್ಯಾಸು, ದಿನಸಿಯ ಜೊತೆ ಅದೂ ನಿಮ್ಮಿಬ್ಬರ ಸಂಬಳದಲ್ಲೇ ಹೋಗಬೇಕು. ಅವಳ ಉಂಗುರಕ್ಕೆ ಅವಳೇ ಕಂತು ಕಟ್ಟಿದ ಹಾಗೆ ಆಗುವುದಿಲ್ಲವಾ? ಇದನ್ನು ಅವಳಿಗೆ ಹೇಳಿದ್ದೀಯಾ? ಮುಚ್ಚಿಟ್ಟು ಶುರು ಮಾಡುವ ಸಂಸಾರ ನನಗೆ ಹೆದರಿಕೆ ಹುಟ್ಟಿಸುತ್ತದೆ. ನಮ್ಮಮ್ಮ ಮುಚ್ಚಿಟ್ಟೇ ಬದುಕಿದಳು.

ನಮ್ಮಜ್ಜಿಯ ಕಾಲದಲ್ಲಿ ನಿಶ್ಚಯಕ್ಕೆ ಉಂಗುರವೇ ಇರಲಿಲ್ಲ. ಹಿರಿಯರು ತಾಂಬೂಲದ ತಟ್ಟೆ ಬದಲಾಯಿಸಿಕೊಂಡರೆ ಮಾತು ಗಟ್ಟಿ.

ವಜ್ರವೇ ಬೇಕು ಅಂತ ಅವಳಿಗೂ ಆಸೆಯಿದ್ದರೆ 18 ಕ್ಯಾರೆಟ್ ಚಿನ್ನದಲ್ಲಿ ಮಾಡಿಸು, 750 ಅಂತ ಮುದ್ರೆ ಇರುತ್ತದೆ. 22 ಕ್ಯಾರೆಟ್ ಮೆದು, ಕಲ್ಲು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. 18ರಲ್ಲಿ ಚಿನ್ನದ ಪಾಲು ಕಡಿಮೆ, ಬೆಲೆಯೂ ಇಳಿಯುತ್ತದೆ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಇನ್ನೂ ಅಗ್ಗ. ಅದೂ ವಜ್ರವೇ, ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಮುಂದೆ ಮಾರಲು ಹೋದರೆ ಹೆಚ್ಚು ಬರುವುದಿಲ್ಲ, ಅಷ್ಟು ತಿಳಿದಿರಲಿ. ಹಾಲ್‌ಮಾರ್ಕ್, ಅಂದರೆ ಚಿನ್ನದ ಶುದ್ಧತೆಯ ಮುದ್ರೆ, ನೋಡುವುದು ಮರೆಯಬೇಡ. ಒಳಗಡೆ ಅಕ್ಷರ, ಅಂಕಿ ಸೇರಿ ಆರು ಇರುತ್ತವೆ, ಎಚ್‌ಯುಐಡಿ ಅಂತ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ಅಲ್ಲವೋ ತಿಳಿಯುತ್ತದೆ. 2 ಗ್ರಾಂಗಿಂತ ಹಗುರದ ಒಡವೆಗೆ ಅದು ಕಡ್ಡಾಯವಲ್ಲ, ಅದಕ್ಕೆ ತೀರಾ ಹಗುರದ್ದು ತೆಗೆದುಕೊಂಡರೂ ಮುದ್ರೆ ಇರುವುದನ್ನೇ ಕೇಳು.

ಇದೆಲ್ಲ ಅಂಗಡಿಯವರೂ ಹೇಳುತ್ತಾರೆ, ನಾನು ಸುಮ್ನೆ ಉದ್ದ ಮಾಡಿದೆ. ನನಗೆ ಬೇಕಾದದ್ದು ಒಂದೇ. ಅವಳನ್ನು ಕೂರಿಸಿಕೊಂಡು "ನನ್ನ ಹತ್ತಿರ ಇಷ್ಟಿದೆ" ಅಂತ ಹೇಳು. ಅಂಗಡಿಗೂ ಅವಳನ್ನೇ ಕರೆದುಕೊಂಡು ಹೋಗು.

ನನ್ನ ಹಳೇ ಓಲೆ ಒಂದು ಜೊತೆ ಇದೆ, ತಿರುಪು ಸವೆದು ಹೋಗಿದೆ. ಅದನ್ನು ಹಾಕಿ ಉಂಗುರ ತೆಗೆದುಕೊಂಡರೆ ಚಿನ್ನದ ದುಡ್ಡು ಅಷ್ಟು ಉಳಿಯುತ್ತದೆ. ನಿನ್ನಮ್ಮ ಬೇಡ ಅಂದಾಳು, ಅವಳ ಹತ್ತಿರ ನಾನು ಮಾತಾಡುತ್ತೇನೆ. ಲೋನಿನ ಕಾಗದಕ್ಕೆ ಸಹಿ ಹಾಕುವ ಮುಂಚೆ ನನಗೊಂದು ಫೋನ್ ಮಾಡು.

ನಿನ್ನ ಅತ್ತೆ